ಯಾವ ಜೋಶಿ? ಧಾರವಾಡ–ಗದಗ ಕಡೆಯ ಜೋಶಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದಲ್ಲಿ ಪುಸ್ತಕದ ಮಾತು ಬಂದಾಗ ‘ಜೋಶಿಯವರು’ ಅಂದರೆ ಒಬ್ಬರು, ಗದಗಿನಲ್ಲಿ ಸಂಗೀತದ ಮಾತು ಬಂದಾಗ ಇನ್ನೊಬ್ಬರು, ಅದೇ ಗದಗಿನಲ್ಲಿ ಕ್ರಿಕೆಟ್ ಮಾತು ತೆಗೆದರೆ ಮತ್ತೊಬ್ಬರು. ಪರೀಕ್ಷೆಗೆ ಓದುವ ಹುಡುಗರು, ಶಾಲೆಯ ಮಾಸ್ತರರು, ಊರು ಬಿಟ್ಟು ದೂರ ನೆಲೆಸಿದವರು ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಭೀಮಸೇನ ಜೋಶಿಯವರ ಹೆಸರು ಎಷ್ಟು ದೊಡ್ಡದೆಂದರೆ ಅದರ ಹಿಂದೆ ಧಾರವಾಡದ ಇಬ್ಬರು ಹಿರಿಯ ಜೋಶಿಗಳು ಮರೆಯಾಗುತ್ತಿದ್ದಾರೆ. ಅದು ನನಗೆ ಸಂಕಟದ ಸಂಗತಿ. ಹಾಗಾಗಿ ಅವರಿಗೆ ಜಾಗ ಹೆಚ್ಚು ಕೊಟ್ಟಿದ್ದೇನೆ.

## ಮೊದಲಿಗೆ

ನಮ್ಮ ಕಡೆ ಹೆಸರಾದ ಜೋಶಿಗಳು ಯಾರ‍್ಯಾರು? ಒಂದೊಂದು ಸಾಲಿನ್ಯಾಗ ಹೇಳ್ರಿ.

ಭೀಮಸೇನ ಜೋಶಿ (1922–2011), ಕಿರಾಣಾ ಘರಾಣೆಯ (ಗಾಯನ ಪರಂಪರೆಯ) ಹಿಂದೂಸ್ತಾನಿ ಗಾಯಕರು, ಭಾರತರತ್ನ. ಶಂ.ಬಾ. ಜೋಶಿ (1896–1991), ಕನ್ನಡ ನಾಡು, ನುಡಿ, ಸಂಸ್ಕೃತಿಯ ಮೂಲ ಹುಡುಕಿದ ಸಂಶೋಧಕರು. ಜಿ.ಬಿ. ಜೋಶಿ (1904–1993), ‘ಜಡಭರತ’ ಹೆಸರಿನ ನಾಟಕಕಾರರು, ಮನೋಹರ ಗ್ರಂಥಮಾಲೆ ಕಟ್ಟಿದವರು. ಸುನೀಲ ಜೋಶಿ (ಜನನ 1970), ಗದಗಿನ ಎಡಗೈ ಸ್ಪಿನ್ನರ್, ಭಾರತ ತಂಡದ ಆಟಗಾರರು. ಪ್ರಲ್ಹಾದ ಜೋಶಿ (ಜನನ 1962), ಧಾರವಾಡದ ಸಂಸದರು, ಕೇಂದ್ರ ಸಚಿವರು.

ಇವರೆಲ್ಲಾ ಒಂದ ಮನೆತನದವರೇನ್ರೀ?

ಅಲ್ಲ. ಜೋಶಿ ಅನ್ನುವುದು ಕಸುಬಿನಿಂದ ಬಂದ ಅಡ್ಡಹೆಸರು. ಪಂಚಾಂಗ ನೋಡುವುದು, ಮುಹೂರ್ತ ಇಡುವುದು, ಜಾತಕ ಬರೆಯುವುದು ಯಾವ ಮನೆಗೆ ವಂಶಪಾರಂಪರ್ಯವಾಗಿ ಬಂದಿತ್ತೋ ಆ ಮನೆಗೆ ಈ ಹೆಸರು ನಿಂತಿತು. ಹಳೇ ಮೈಸೂರು ಕಡೆ ಜೋಯಿಸರು ಅನ್ನುತ್ತಾರಲ್ಲ, ಅದೇ. ಊರೂರಿಗೂ ಇಂಥ ಒಂದು ಮನೆ ಇದ್ದದ್ದರಿಂದ ಊರೂರಿಗೂ ಜೋಶಿಗಳಾದರು. ಮಹಾರಾಷ್ಟ್ರ, ಗುಜರಾತ, ಕುಮಾವೂಂ, ನೇಪಾಳದವರೆಗೂ ಈ ಹೆಸರಿದೆ.

ಹೆಸರಿನಿಂದ ಜಾತಿ ಊಹಿಸುವುದೂ ಬೇಡ. ಬುಡಬುಡಿಕೆ ನುಡಿಸುತ್ತ ಭವಿಷ್ಯ ಹೇಳುವ ಅಲೆಮಾರಿ ಸಮುದಾಯದವರಿಗೂ ಜೋಶಿ ಎಂಬ ಹೆಸರು ಇದೆ.

‘ಜೋಶಿ’ ಸರಿಯೋ ‘ಜೋಷಿ’ ಸರಿಯೋ?

ಎರಡೂ ಅಚ್ಚಾಗಿವೆ. ಧಾರವಾಡ ಕಡೆಯ ಪುಸ್ತಕಗಳಲ್ಲಿ ‘ಜೋಶಿ’ ಹೆಚ್ಚು, ಬೆಂಗಳೂರಿನ ಪತ್ರಿಕೆಗಳಲ್ಲಿ ‘ಜೋಷಿ’ಯೂ ಕಾಣುತ್ತದೆ. ಗ್ರಂಥಾಲಯದಲ್ಲಿ ಹುಡುಕುವಾಗ ಎರಡೂ ಕಾಗುಣಿತ ಹಾಕಿ ನೋಡಿ. ಒಂದರಲ್ಲೇ ಹುಡುಕಿ ‘ಪುಸ್ತಕ ಇಲ್ಲ’ ಎಂದು ತಿರುಗಿ ಬಂದವರನ್ನು ಕಂಡಿದ್ದೇನೆ.

ಶಂ.ಬಾ., ಜಿ.ಬಿ. ಅಂತ ಇರ್ತದಲ್ಲ, ಅದನ್ನ ಬಿಡಿಸಿ ಓದೋದು ಹೆಂಗ?

ನಮ್ಮ ಕಡೆ ಮೊದಲು ಸ್ವಂತ ಹೆಸರು, ಆಮೇಲೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಮೈಸೂರು ಕಡೆಯಂತೆ ಊರಿನ ಹೆಸರು ಮುಂದೆ ಬರುವುದಿಲ್ಲ. ಶಂ.ಬಾ. ಅಂದರೆ ಶಂಕರ ಬಾಳದೀಕ್ಷಿತ ಜೋಶಿ. ಜಿ.ಬಿ. ಅಂದರೆ ಗೋವಿಂದಾಚಾರ್ಯ ಭೀಮಾಚಾರ್ಯ ಜೋಶಿ. ಉಳಿದವರದೂ ಹೀಗೆಯೇ: ಭೀಮಸೇನ ಗುರುರಾಜ ಜೋಶಿ, ಸುನೀಲ ಬಂಡಾಚಾರ್ಯ ಜೋಶಿ, ಪ್ರಲ್ಹಾದ ವೆಂಕಟೇಶ ಜೋಶಿ.

ಗೊಂದಲ ಬಿಡಿಸುವುದಕ್ಕೆ ನಡುವಿನ ಈ ತಂದೆಯ ಹೆಸರಿಗಿಂತ ಒಳ್ಳೆಯ ಗುರುತಿಲ್ಲ. ಒಂದು ಎಚ್ಚರಿಕೆ: ಜಿ.ಬಿ.ಯವರ ತಂದೆ ಭೀಮಾಚಾರ್ಯರು ಎಂದು ಓದಿ, ಇವರಿಗೂ ಭೀಮಸೇನರಿಗೂ ನಂಟು ಕಟ್ಟುವವರಿದ್ದಾರೆ. ಆ ಭೀಮಾಚಾರ್ಯರೇ ಬೇರೆ. ಭೀಮಸೇನರು ಗದಗಿನ ಗುರುರಾಜಾಚಾರ್ಯ ಮಾಸ್ತರರ ಮಗ.

## ಒಬ್ಬೊಬ್ಬರ ಬಗ್ಗೆ

ಭೀಮಸೇನ ಜೋಶಿ ರೋಣದವರೋ, ಗದಗದವರೋ, ಪುಣೆಯವರೋ?

ಹುಟ್ಟಿದ್ದು 1922ರ ಫೆಬ್ರುವರಿ 4ರಂದು ರೋಣದಲ್ಲಿ. ಬಾಲ್ಯ ಗದಗಿನಲ್ಲಿ, ವಿದ್ಯೆ ಕುಂದಗೋಳದಲ್ಲಿ, ಸಂಸಾರ ಮತ್ತು ಕೀರ್ತಿ ಪುಣೆಯಲ್ಲಿ. 2011ರ ಜನವರಿ 24ರಂದು ತೀರಿಕೊಂಡದ್ದೂ ಪುಣೆಯಲ್ಲೇ. ‘ಅವರು ನಮ್ಮವರು’ ಎಂದು ನಾಲ್ಕು ಊರಿನವರೂ ಹೇಳಲಿ, ನಾಲ್ಕೂ ಸರಿ. ಪರೀಕ್ಷೆಯಲ್ಲಿ ಜನ್ಮಸ್ಥಳ ಕೇಳಿದರೆ ಮಾತ್ರ ರೋಣ ಎಂದು ಬರೆಯಿರಿ.

ಅಂಗಿ ಮ್ಯಾಲೆ ಹೆಸರು ಬರದ ಕಳಸ್ತಿದ್ರಂತ, ಖರೇನ?

ಖರೆ. ಹುಡುಗ ಭೀಮಸೇನನಿಗೆ ಹಾಡು, ವಾದ್ಯ ಕಿವಿಗೆ ಬಿದ್ದರೆ ಸಾಕು, ಕಾಲು ನಿಲ್ಲುತ್ತಿರಲಿಲ್ಲ. ಬ್ಯಾಂಡಿನವರ ಮೆರವಣಿಗೆ ಹಿಂದೆ ಹೋಗಿ, ದಣಿದು, ಎಲ್ಲೋ ಒಂದು ಕಡೆ ಮಲಗಿಬಿಡುತ್ತಿದ್ದ. ಹುಡುಕಿ ಹುಡುಕಿ ಸಾಕಾಗಿ ಮನೆಯವರು ಪೊಲೀಸರ ತನಕ ಹೋಗಬೇಕಾಗುತ್ತಿತ್ತು. ಕೊನೆಗೆ ತಂದೆ ಗುರುರಾಜಾಚಾರ್ಯರು ಮಗನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದರು. ಮಲಗಿದ್ದ ಹುಡುಗನನ್ನು ಕಂಡವರು ಅದನ್ನು ಓದಿ ಮನೆಗೆ ತಂದು ಬಿಡುತ್ತಿದ್ದರು. ಆಗಿನ ಗದಗಿನಲ್ಲಿ ‘ಜೋಶಿ ಮಾಸ್ತರ’ ಅಂದರೆ ಯಾರು ಎಂದು ಯಾರೂ ಕೇಳುವ ಅಗತ್ಯವಿರಲಿಲ್ಲ ಅನ್ನುವುದೂ ಇದರಿಂದ ತಿಳಿಯುತ್ತದೆ.

ಅವರ ಗುರು ಸವಾಯಿ ಗಂಧರ್ವರು ಒಬ್ಬರೇ ಏನು?

ದೊಡ್ಡ ಗುರು ಅವರೇ. ಆದರೆ ಅದಕ್ಕೂ ಮೊದಲು ಇಬ್ಬರಿದ್ದರು, ಅವರ ಹೆಸರು ಯಾರೂ ಹೇಳುವುದಿಲ್ಲ. ಮೊದಲನೆಯವರು ಗದಗಿನ ಹತ್ತಿರದ ಕುರ್ತಕೋಟಿಯ ಚನ್ನಪ್ಪನವರು. ಭೈರವ, ಭೀಮಪಲಾಸಿ ರಾಗಗಳ ಪಾಠ ಆದದ್ದು ಅವರಲ್ಲಿ. ಎರಡನೆಯವರು ಬಾಗಲಕೋಟೆಯ ಪಂಡಿತ ಶ್ಯಾಮಾಚಾರ್ಯ ಜೋಶಿ. ಅಂದರೆ ಇಲ್ಲಿ ಮತ್ತೊಬ್ಬ ಜೋಶಿ! ಪೌರೋಹಿತ್ಯ ಮಾಡುತ್ತಿದ್ದ ಇವರು ಹಾಡನ್ನೂ ಹಾರ್ಮೋನಿಯಂ ಅನ್ನೂ ಕಲಿಸಿದರು. ಇವರೂ ಭೀಮಸೇನರ ಬಂಧು ಎಂದು ಕೆಲವರು ತಿಳಿಯುತ್ತಾರೆ. ಇದ್ದದ್ದು ಗುರುಶಿಷ್ಯ ಸಂಬಂಧ.

ಆಮೇಲೆ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಠುಮರಿಯ ಗ್ರಾಮೊಫೋನ್ ತಟ್ಟೆ ಕೇಳಿದ್ದು, 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟದ್ದು. ಪುಣೆ, ಗ್ವಾಲಿಯರ್, ಜಲಂಧರ ಸುತ್ತಿದರು. ಗಾಯಕ ವಿನಾಯಕರಾವ್ ಪಟವರ್ಧನರು ‘ಗುರು ನಿನ್ನ ಊರಿನ ಬಳಿಯೇ ಇದ್ದಾರಲ್ಲ’ ಎಂಬರ್ಥದಲ್ಲಿ ದಾರಿ ತೋರಿಸಿದ ಮೇಲೆ ತಿರುಗಿ ಬಂದರು. 1936ರಲ್ಲಿ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, ಶಿಷ್ಯನಾಗಿ ಸ್ವೀಕರಿಸಿದರು. ಗುರುವಿನ ಮನೆಗೆ ನೀರು ಹೊತ್ತು, ಮನೆಗೆಲಸ ಮಾಡುತ್ತ ಕಲಿತ ವರ್ಷಗಳವು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಪಾಠಕ್ಕೆ ಬರುತ್ತಿದ್ದ ಕಾಲವೂ ಅದೇ.

1952ರಲ್ಲಿ ಗುರು ತೀರಿಕೊಂಡರು. ಮರುವರ್ಷದಿಂದ ಪುಣೆಯಲ್ಲಿ ಅವರ ಹೆಸರಿನ ಸಂಗೀತೋತ್ಸವ ನಡೆಯುತ್ತ ಬಂತು, ಅದನ್ನು ದಶಕಗಳ ಕಾಲ ಹೆಗಲ ಮೇಲೆ ಹೊತ್ತವರು ಭೀಮಸೇನರು.

ಶಂ.ಬಾ. ಜೋಶಿ ಅಂದರೆ ಯಾರು? ನಮ್ಮ ಪಠ್ಯದಲ್ಲಿ ಹೆಸರಷ್ಟೇ ಇದೆ.

ಹೆಸರಷ್ಟೇ ಇರುವುದು ಅನ್ಯಾಯ. 1896ರ ಜನವರಿ 4ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು, ಬಾಳಿದ್ದು ಧಾರವಾಡದಲ್ಲಿ. ವೃತ್ತಿಯಿಂದ ಶಾಲಾ ಮಾಸ್ತರರು. ಕಾಲೇಜಿನ ಕುರ್ಚಿಯಾಗಲಿ, ಸಂಶೋಧನಾ ಅನುದಾನವಾಗಲಿ ಇಲ್ಲದೆ ಪಾಠದ ಕೆಲಸ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಕನ್ನಡಿಗರ ಮೂಲದ ಪ್ರಶ್ನೆ ಹಿಡಿದು ಕೂತವರು.

ಕನ್ನಡ ನಾಡಿನ ಏಕೀಕರಣದ ಕನಸು ಕಾಣುತ್ತಿದ್ದ ಕಾಲವದು. ಧಾರವಾಡ, ಬೆಳಗಾವಿ, ವಿಜಾಪುರ ಮುಂಬಯಿ ಪ್ರಾಂತದಲ್ಲಿದ್ದವು. ಕಚೇರಿಯಲ್ಲಿ, ಶಾಲೆಯಲ್ಲಿ ಮರಾಠಿಯ ಪ್ರಭಾವ ದಟ್ಟವಾಗಿತ್ತು. ಆ ಹೊತ್ತಿನಲ್ಲಿ ‘ಕಣ್ಮರೆಯಾದ ಕನ್ನಡ’ದಲ್ಲಿ ಶಂ.ಬಾ. ಅವರು ಇಂದಿನ ಮಹಾರಾಷ್ಟ್ರದ ಒಳಗೆಲ್ಲ ಒಂದು ಕಾಲಕ್ಕೆ ಕನ್ನಡ ಹರಡಿತ್ತು ಎಂದು ಊರಹೆಸರು, ದೇವರಹೆಸರು, ಆಡುಮಾತುಗಳ ಮೂಲಕ ತೋರಿಸಲು ಹೊರಟರು. ಮುಂದೆ ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಗೆ 1970ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1981ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ಆಗ ವಯಸ್ಸು ಎಂಬತ್ತೈದು.

ಜಿ.ಬಿ. ಜೋಶಿ ಬರಹಗಾರರೋ, ಪ್ರಕಾಶಕರೋ?

ಎರಡೂ. ಒಂದು ಇನ್ನೊಂದನ್ನು ಮುಚ್ಚಿತು ಅನ್ನುವುದು ನನ್ನ ಅಭಿಪ್ರಾಯ. 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಶುರುಮಾಡಿದರು. ಪುಸ್ತಕ ಕೊಂಡು ಓದುವವರು ಕಡಿಮೆ ಇದ್ದ ಕಾಲ. ವರ್ಷದ ಚಂದಾ ಕಟ್ಟಿದವರ ಮನೆಗೆ ಪುಸ್ತಕ ತಲುಪಿಸುವ ಪದ್ಧತಿ ಹಿಡಿದು, ಚಂದಾದಾರರಿಗಾಗಿ ಊರೂರು ತಿರುಗಿ ಮಾಲೆಯನ್ನು ನಿಲ್ಲಿಸಿದರು. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಅಚ್ಚಾದದ್ದು ಇಲ್ಲಿಂದ. ಎ.ಕೆ. ರಾಮಾನುಜನ್ನರ ಕನ್ನಡ ಕವಿತೆಗಳು ಹೊರಬಂದದ್ದೂ ಇಲ್ಲಿಂದಲೇ. ಬರಹಗಾರ ಹೊಸಬನೋ ಹಳಬನೋ ಎಂದು ನೋಡದೆ ಬರಹ ನೋಡಿ ಅಚ್ಚುಹಾಕುವ ಧೈರ್ಯ ಅವರಿಗಿತ್ತು.

‘ಜಡಭರತ’ ಹೆಸರಿನಲ್ಲಿ ಅವರು ಬರೆದ ‘ಮೂಕಬಲಿ’, ‘ಕದಡಿದ ನೀರು’, ‘ಸತ್ತವರ ನೆರಳು’ ನಾಟಕಗಳು, ‘ಧರ್ಮಸೆರೆ’ ಕಾದಂಬರಿ ಬೇರೆ ಯಾರೇ ಬರೆದಿದ್ದರೂ ಅವರನ್ನು ಮೊದಲ ಸಾಲಿನ ಲೇಖಕರೆಂದು ಕರೆಯಲು ಸಾಕಿದ್ದವು. ಪುಟ್ಟಣ್ಣ ಕಣಗಾಲರು 1979ರಲ್ಲಿ ‘ಧರ್ಮಸೆರೆ’ಯನ್ನು ಸಿನಿಮಾ ಮಾಡಿದರು. ಸಿನಿಮಾ ನೋಡಿದ ಎಷ್ಟೋ ಜನಕ್ಕೆ ಕತೆ ಧಾರವಾಡದ ಜೋಶಿಯವರದ್ದು ಎಂಬುದು ಗೊತ್ತೇ ಇಲ್ಲ.

‘ಅಟ್ಟ’ ಅಂತಾರಲ್ಲ, ಅದು ಏನು?

ಧಾರವಾಡದ ಸುಭಾಸ ರಸ್ತೆಯಲ್ಲಿ ಮಹಡಿಯ ಮೇಲಿರುವ ಗ್ರಂಥಮಾಲೆಯ ಕಚೇರಿ. ಮೆಟ್ಟಿಲು ಹತ್ತಿ ಹೋದರೆ ಪುಸ್ತಕದ ರಾಶಿ, ಅದರ ನಡುವೆ ಹರಟೆ. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು ಮಾಲೆಯ ಸಲಹೆಗಾರರಾಗಿ ಅಲ್ಲಿ ಕೂಡುತ್ತಿದ್ದರು. ಕನ್ನಡದಲ್ಲಿ ಹೇಳಿಕೊಳ್ಳುವಂಥ ಐತಿಹಾಸಿಕ ನಾಟಕವಿಲ್ಲ ಎಂದು ಕುರ್ತಕೋಟಿಯವರು ಆಡಿದ ಮಾತು ಕಾರ್ನಾಡರನ್ನು ‘ತುಘಲಕ್’ ಕಡೆಗೆ ನೂಕಿತು. ಜಿ.ಬಿ.ಯವರ ನಂತರ ಮಗ ರಮಾಕಾಂತ ಜೋಶಿಯವರು ಮಾಲೆಯನ್ನು ಮುಂದುವರಿಸಿದರು.

ಸುನೀಲ ಜೋಶಿ ‘ಆರು ರನ್ನಿಗೆ ಐದು ವಿಕೆಟ್’ ಯಾವ ಮ್ಯಾಚು?

1999ರ ಸೆಪ್ಟೆಂಬರ್ 26, ನೈರೋಬಿ, ಎದುರಾಳಿ ದಕ್ಷಿಣ ಆಫ್ರಿಕಾ. ಹತ್ತು ಓವರ್, ಆರು ಮೇಡನ್, ಆರು ರನ್, ಐದು ವಿಕೆಟ್. ಎದುರಾಳಿಗಳು 117ಕ್ಕೆ ಮುಗಿದರು, ಭಾರತ 8 ವಿಕೆಟ್ಟಿನಿಂದ ಗೆದ್ದಿತು.

ಎಲ್ಲರೂ ಈ ಒಂದು ಪಂದ್ಯ ನೆನೆಯುತ್ತಾರೆ. ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡದು 2000ದ ನವೆಂಬರಿನ ಢಾಕಾ ಟೆಸ್ಟ್. ಬಾಂಗ್ಲಾದೇಶಕ್ಕೆ ಅದು ಮೊಟ್ಟಮೊದಲ ಟೆಸ್ಟ್, ಸೌರವ್ ಗಂಗೂಲಿಗೆ ನಾಯಕನಾಗಿ ಮೊದಲ ಟೆಸ್ಟ್. ಬಾಂಗ್ಲಾ ಮೊದಲ ಇನಿಂಗ್ಸಿನಲ್ಲಿ 400 ಹೊಡೆದು ಬೆಚ್ಚಿಬೀಳಿಸಿತ್ತು. ಅದರಲ್ಲಿ ಐದು ವಿಕೆಟ್ ತೆಗೆದ ಸುನೀಲ, ಬ್ಯಾಟ್ ಹಿಡಿದು 92 ಹೊಡೆದರು, ಎರಡನೇ ಇನಿಂಗ್ಸಿನಲ್ಲಿ ಮತ್ತೆ ಮೂರು ವಿಕೆಟ್. ಪಂದ್ಯಶ್ರೇಷ್ಠರೂ ಅವರೇ.

ಒಟ್ಟು 15 ಟೆಸ್ಟಿನಲ್ಲಿ 41 ವಿಕೆಟ್, 69 ಏಕದಿನ ಪಂದ್ಯಗಳಲ್ಲಿ 69 ವಿಕೆಟ್. ಶಾಲೆಯ ದಿನಗಳಲ್ಲಿ ಬೆಳಗಾಗುವ ಮೊದಲೇ ಗದಗಿನಿಂದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ತಿರುಗಿ ಗದಗಿಗೆ ಬರುತ್ತಿದ್ದರು. ಆ ದಾರಿಯ ಬಸ್ಸು, ರೈಲು ಹತ್ತಿದವರಿಗೆ ಅದರ ಕಷ್ಟ ಗೊತ್ತು. 2020ರ ಮಾರ್ಚಿನಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು.

ಪ್ರಲ್ಹಾದ ಜೋಶಿ ಧಾರವಾಡದವರೇ ಏನು?

ಹುಟ್ಟಿದ್ದು ವಿಜಯಪುರದಲ್ಲಿ, ಕಾಲೇಜು ಓದಿದ್ದು ಹುಬ್ಬಳ್ಳಿಯಲ್ಲಿ. 2004ರಿಂದ ಸತತವಾಗಿ ಲೋಕಸಭಾ ಸದಸ್ಯರು. 2019ರಿಂದ 2024ರವರೆಗೆ ಸಂಸದೀಯ ವ್ಯವಹಾರ, ಕಲ್ಲಿದ್ದಲು ಮತ್ತು ಗಣಿ ಖಾತೆ. 2024ರಲ್ಲಿ ಆಹಾರ, ಗ್ರಾಹಕ ವ್ಯವಹಾರ ಮತ್ತು ನವೀಕರಿಸಬಹುದಾದ ಇಂಧನ ಖಾತೆ ವಹಿಸಿಕೊಂಡರು.

## ತಪ್ಪು ತಿಳಿವಳಿಕೆಗಳು

ಜ್ಞಾನಪೀಠ ಬಂದ ಜೋಶಿ ಧಾರವಾಡದವರಲ್ಲವೇ?

ಅಲ್ಲ, ಗುಜರಾತಿ ಕವಿ ಉಮಾಶಂಕರ ಜೋಶಿ. 1967ರ ಜ್ಞಾನಪೀಠ ಕುವೆಂಪು ಮತ್ತು ಉಮಾಶಂಕರ ಜೋಶಿ ಇಬ್ಬರಿಗೂ ಸೇರಿ ಬಂತು. ಕನ್ನಡದ ಮೊದಲ ಜ್ಞಾನಪೀಠದ ಪಕ್ಕದಲ್ಲೇ ಜೋಶಿ ಹೆಸರಿರುವುದರಿಂದ ಅದು ಶಂ.ಬಾ. ಅವರದೆಂದು ಹಲವರು ಬರೆದುಬಿಡುತ್ತಾರೆ. ಧಾರವಾಡಕ್ಕೆ ಜ್ಞಾನಪೀಠ ಬಂದದ್ದು ಬೇಂದ್ರೆಯವರಿಂದ, 1973ರಲ್ಲಿ.

ಹಾವೇರಿ ಸಮ್ಮೇಳನದ ಜೋಶಿಯವರು ಯಾರು? ಅಧ್ಯಕ್ಷರು ಅವರೇ ಅಲ್ಲವೇ?

2023ರ ಜನವರಿಯಲ್ಲಿ ಹಾವೇರಿಯಲ್ಲಿ ನಡೆದ 86ನೇ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರು ದೊಡ್ಡರಂಗೇಗೌಡರು. ಮಹೇಶ ಜೋಶಿ ಅವರು ಆಗ ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರು, 2021ರಲ್ಲಿ ಚುನಾಯಿತರಾದವರು. ಸಮ್ಮೇಳನಾಧ್ಯಕ್ಷರು ಬೇರೆ, ಪರಿಷತ್ತಿನ ಅಧ್ಯಕ್ಷರು ಬೇರೆ. ಸಮ್ಮೇಳನಾಧ್ಯಕ್ಷ ಜೋಶಿ ಬೇಕೆಂದರೆ ಮಡಿಕೇರಿಯ ಶಂ.ಬಾ. ಅವರ ಹೆಸರು ಹೇಳಿ.

ಶರದ್ ಜೋಶಿ ರೈತ ನಾಯಕರೋ, ಹಾಸ್ಯ ಲೇಖಕರೋ?

ಇಬ್ಬರು ಶರದ್ ಜೋಶಿಗಳು. ಹಿಂದಿಯ ವ್ಯಂಗ್ಯ ಲೇಖಕರು 1931–1991. ಮಹಾರಾಷ್ಟ್ರದಲ್ಲಿ ಶೇತಕರಿ ಸಂಘಟನೆ ಕಟ್ಟಿದವರು 1935–2015. ನಮ್ಮ ಕಡೆಯ ಹತ್ತಿ, ಉಳ್ಳಾಗಡ್ಡಿ ಬೆಳೆಗಾರರು ನೆನೆಯುವುದು ಎರಡನೆಯವರನ್ನು.

ಎಲ್ಲಾ ಗಂಡಸರೇ ಆದರಲ್ಲ, ಹೆಣ್ಣುಮಕ್ಕಳು ಯಾರೂ ಇಲ್ಲೇನು?

ಇದ್ದಾರೆ. ನಮ್ಮ ನೆರೆಯ ಕೊಲ್ಹಾಪುರದೊಂದಿಗೆ ನಂಟಿದ್ದ ಒಬ್ಬರ ಹೆಸರು ಎಲ್ಲರೂ ತಿಳಿದಿರಬೇಕು: ಆನಂದಿಬಾಯಿ ಜೋಶಿ. 1865ರಲ್ಲಿ ಕಲ್ಯಾಣದಲ್ಲಿ ಹುಟ್ಟಿದವರು, ಒಂಬತ್ತನೇ ವಯಸ್ಸಿಗೆ ಮದುವೆ. ಹದಿನಾಲ್ಕರಲ್ಲಿ ಹೆತ್ತ ಕೂಸು ಹತ್ತೇ ದಿನ ಬದುಕಿತು, ಸರಿಯಾದ ವೈದ್ಯವಿಲ್ಲದೆ ಹೋಯಿತು. ಆ ನೋವು ಹೊತ್ತು ಅಮೆರಿಕಕ್ಕೆ ಹೋಗಿ, ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ 1886ರಲ್ಲಿ ಎಂ.ಡಿ. ಪದವಿ ಪಡೆದರು. ಕೊಲ್ಹಾಪುರದ ಆಸ್ಪತ್ರೆಯ ಮಹಿಳಾ ವಿಭಾಗಕ್ಕೆ ನೇಮಕವಾಗಿತ್ತು. ಆದರೆ ಕ್ಷಯದಿಂದ 1887ರ ಫೆಬ್ರುವರಿಯಲ್ಲಿ ತೀರಿಕೊಂಡರು. ಇಪ್ಪತ್ತೆರಡು ತುಂಬಿರಲಿಲ್ಲ.

## ಇನ್ನೂ ಆಳಕ್ಕೆ ಹೋಗುವವರಿಗೆ

ಹಳೇ ಪುಸ್ತಕದಾಗ ರೋಣ ‘ಧಾರವಾಡ ಜಿಲ್ಲೆ’ ಅಂತ ಐತಿ. ಯಾವುದು ಬರೀಬೇಕು?

ಎರಡೂ ತಪ್ಪಲ್ಲ. ಗದಗ, ಹಾವೇರಿ ಜಿಲ್ಲೆಗಳು ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಪುಸ್ತಕಗಳಲ್ಲಿ ರೋಣ, ಗದಗ ಎರಡೂ ಧಾರವಾಡ ಜಿಲ್ಲೆಯವೇ. ‘ರೋಣ, ಈಗಿನ ಗದಗ ಜಿಲ್ಲೆ’ ಎಂದು ಬರೆದರೆ ಯಾರಿಗೂ ತಕರಾರಿಲ್ಲ. ಕುಂದಗೋಳದ ಕತೆ ಇನ್ನೂ ಬೇರೆ: ಇಂದು ಧಾರವಾಡ ಜಿಲ್ಲೆ, ಸವಾಯಿ ಗಂಧರ್ವರ ಕಾಲಕ್ಕೆ ಜಮಖಂಡಿ ಸಂಸ್ಥಾನದ ಊರು.

‘ಸತ್ತವರ ನೆರಳು’ ದಾಸರ ಪದಗಳ ನಾಟಕ ಅಂತಾರೆ. ಜಿ.ಬಿ.ಯವರೇ ಪದ ಹಾಕಿದ್ದರೇ?

ನಾಟಕ ಜಿ.ಬಿ.ಯವರದು, ರಂಗದ ಮೇಲೆ ಪುರಂದರದಾಸರ ಪದಗಳನ್ನು ಹೆಣೆದದ್ದು ಬಿ.ವಿ. ಕಾರಂತರು, ಬೆನಕ ನಾಟಕ ತಂಡಕ್ಕಾಗಿ. ಮಠದೊಳಗಿನ ಅಧಿಕಾರ, ಸತ್ತವರ ಹೆಸರಿನಲ್ಲಿ ಬದುಕಿದ್ದವರನ್ನು ಆಳುವ ರೀತಿ ನಾಟಕದ ವಸ್ತು. ಆಚಾರದ ಮನೆತನದಲ್ಲಿ ಹುಟ್ಟಿದವರೇ ಒಳಗಿನಿಂದ ಇದನ್ನು ಬರೆದದ್ದರಿಂದ ಅದಕ್ಕೆ ಆ ಮೊನಚು ಬಂತು. ಪದಗಳು ಚಂದ ಎಂದು ಹಾಡು ಕೇಳಿ ಎದ್ದುಬರುವವರಿಗೆ ನನ್ನದೊಂದು ಕೋರಿಕೆ: ನಾಟಕದ ಪಠ್ಯ ಕೈಗೆತ್ತಿಕೊಂಡು ಮಾತುಗಳನ್ನು ಓದಿ. ಧಾರವಾಡದ ವೈಷ್ಣವ ಮನೆಗಳ ಆಡುಮಾತು ಅಷ್ಟು ಜೀವಂತವಾಗಿ ಬೇರೆಡೆ ಸಿಗುವುದು ಅಪರೂಪ.

ಶಂ.ಬಾ. ಹೇಳಿದ್ದನ್ನೆಲ್ಲ ಈಗಿನ ವಿದ್ವಾಂಸರು ಒಪ್ಪುತ್ತಾರೆಯೇ?

ಎಲ್ಲವನ್ನೂ ಅಲ್ಲ. ಒಂದು ಶಬ್ದದ ಬೇರು ಹಿಡಿದು ಅವರು ತುಂಬ ದೂರ ಹೋಗುತ್ತಾರೆ. ಅವರ ಕೆಲವು ವ್ಯುತ್ಪತ್ತಿಗಳು ಭಾಷಾವಿಜ್ಞಾನಿಗಳಿಗೆ ಒಪ್ಪಿಗೆಯಾಗಿಲ್ಲ. ಇದನ್ನು ಮುಚ್ಚಿಟ್ಟು ಅವರನ್ನು ಹೊಗಳುವುದರಿಂದ ಅವರಿಗೇನೂ ಲಾಭವಿಲ್ಲ.

ಆದರೆ ಮೂಲ ಪ್ರಶ್ನೆ ಗಟ್ಟಿಯಾಗಿದೆ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಎಂದು ಕವಿರಾಜಮಾರ್ಗ ಹೇಳಿತು. ಪಂಢರಪುರದ ವಿಠ್ಠಲನನ್ನು ಮರಾಠಿ ಸಂತ ಜ್ಞಾನೇಶ್ವರರೇ ‘ಕಾನಡಾ’ ಎಂದು ಹಾಡಿದರು. ಹಾಗಾದರೆ ಆ ಕನ್ನಡ ಎಲ್ಲಿ ಹೋಯಿತು, ಅದನ್ನಾಡುತ್ತಿದ್ದ ಜನ ಏನಾದರು? ರಾಜರ ವಂಶಾವಳಿ ಬಿಟ್ಟು, ದನ ಕಾಯುವ ಹಟ್ಟಿಗಳ, ಹೊಲ ಊಳುವವರ ಮಾತಿನಲ್ಲಿ ಇದಕ್ಕೆ ಉತ್ತರ ಹುಡುಕಿದ್ದು ಶಂ.ಬಾ. ಅವರ ದೊಡ್ಡತನ. ಮರಾಠಿಗರೊಂದಿಗೆ ಇದನ್ನು ಮರಾಠಿಯಲ್ಲೇ ಚರ್ಚಿಸಲು ‘ಮರ್ಹಾಟೀ ಸಂಸ್ಕೃತಿ’ ಎಂಬ ಪುಸ್ತಕವನ್ನು ಆ ಭಾಷೆಯಲ್ಲಿ ಬರೆದರು. ಗಡಿಯ ಜಗಳ ಬೀದಿಗೆ ಬಂದಿದ್ದ ಕಾಲದಲ್ಲಿ ಅವರು ಆರಿಸಿಕೊಂಡ ದಾರಿ ಇದು. ನನಗೆ ಅವರ ಮೇಲಿನ ಗೌರವ ಹೆಚ್ಚಿದ್ದು ಇಲ್ಲಿಯೇ.

ಶಂ.ಬಾ. ಓದಬೇಕು ಅಂದರೆ ಎಲ್ಲಿಂದ ಶುರು ಮಾಡಲಿ? ಭಾಳ ಕಠಿಣ ಅಂತಾರಲ್ಲ.

‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಯಿಂದ ಶುರು ಮಾಡಬೇಡಿ, ಅದು ಕಠಿಣವೇ. ‘ಕಣ್ಮರೆಯಾದ ಕನ್ನಡ’ ಮೊದಲು ಓದಿ. ಪಕ್ಕದಲ್ಲಿ ಮಹಾರಾಷ್ಟ್ರ, ಕರ್ನಾಟಕ ಎರಡೂ ಇರುವ ನಕಾಶೆ ಇಟ್ಟುಕೊಳ್ಳಿ. ಸೊಲ್ಲಾಪುರ, ಸಾಂಗ್ಲಿ, ಕೊಲ್ಹಾಪುರದ ಸುತ್ತಲಿನ ಹಳ್ಳಿಗಳ ಹೆಸರು ನೋಡುತ್ತ ಓದಿದರೆ ವಾದ ತಾನೇ ಬಿಚ್ಚಿಕೊಳ್ಳುತ್ತದೆ. ಆಮೇಲೆ ‘ಕನ್ನಡದ ನೆಲೆ’. ಅವರ ವಾಕ್ಯ ಉದ್ದ, ಒಂದು ಸಲ ಕೂತರೆ ಹತ್ತು ಪುಟ ಸಾಕು. ಒಪ್ಪಿಗೆಯಾಗದ ಕಡೆ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ಮುಂದೆ ಹೋಗಿ. ಪೂರ್ವಪೀಠಿಕೆಗೆ ಬಂದಾಗ ಆ ಗುರುತುಗಳು ಕೆಲಸಕ್ಕೆ ಬರುತ್ತವೆ.